ಎಲ್‌ಇಡಿ ಹಾಕಿದ ಹಳೇ ಲ್ಯಾಂಟರ್ನ್ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಮಂಡ್ಯ, ಮೈಸೂರು ಕಡೆಯ ಮನೆಗಳ ಅಟ್ಟ ತಡಕಿದರೆ ಮೂರು ಬಗೆಯ ಹಳೇ ಲ್ಯಾಂಟರ್ನ್ ಸಿಗುತ್ತವೆ. ದೊಡ್ಡ ಸೆಲ್ಲು ಹಾಕುವ ಫಿಲಮೆಂಟ್ ಬಲ್ಬಿನದು ಒಂದು. 6 ವೋಲ್ಟ್ 4.5 ಆಂಪಿಯರ್-ಅವರ್ ಸೀಸದ ಬ್ಯಾಟರಿ ಮತ್ತು ಟ್ಯೂಬ್ ಇರುವ ಎಮರ್ಜೆನ್ಸಿ ಲೈಟು ಎರಡನೆಯದು. ಪಿನ್ನು ಹೊರಗೆಳೆದು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ, 4 ವೋಲ್ಟಿನ ಪುಟ್ಟ ಬ್ಯಾಟರಿಯ ಅಗ್ಗದ ಲೈಟು ಮೂರನೆಯದು. ಮೂರಕ್ಕೂ ಎಲ್‌ಇಡಿ ಹಾಕಿ ಮತ್ತೆ ಬಳಕೆಗೆ ತರಬಹುದು. ರಾತ್ರಿ ಗದ್ದೆಗೆ ನೀರು ಕಟ್ಟುವವರಿಗೆ, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರಿಗೆ, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡವರಿಗೆ ಇಂಥ ಲೈಟೇ ಸಾಕು. ಹಾಕಿದ ದಿನ ಚೆನ್ನಾಗಿ ಉರಿದದ್ದು ವಾರದಲ್ಲಿ ಮಂಕಾಗುತ್ತದೆ, ಮಿಣುಕುತ್ತದೆ, ಇಲ್ಲವೇ ಸತ್ತೇ ಹೋಗುತ್ತದೆ. ಆಗ ಎಲ್ಲರೂ ಮೊದಲು ಕೀಳುವುದು ಎಲ್‌ಇಡಿಯನ್ನು. ತಪ್ಪು ಬಹುಪಾಲು ಅಲ್ಲಿರುವುದಿಲ್ಲ.

ಫಿಲಮೆಂಟ್ ಬಲ್ಬಿಗೆ ಸಹನೆ ಜಾಸ್ತಿ. ಪ್ಲಸ್ಸು ಮೈನಸ್ಸು ಅದಲುಬದಲಾದರೂ ಉರಿಯುತ್ತದೆ. ವೋಲ್ಟೇಜು ಇಳಿದರೆ ಕೆಂಪಗಾಗುತ್ತದೆ ಅಷ್ಟೆ. ಏರಿದರೆ ತಂತಿ ಕಾದು, ತನ್ನ ರೋಧ ಹೆಚ್ಚಿಸಿಕೊಂಡು, ಪ್ರವಾಹವನ್ನು ತಾನೇ ಸ್ವಲ್ಪ ತಡೆಯುತ್ತದೆ. ಅರ್ಧ ಆಂಪಿಯರ್ ಎಳೆಯುವುದರಿಂದ ಸ್ವಿಚ್ಚಿನೊಳಗಿನ ತೆಳು ಕಿಲುಬನ್ನೂ ಸುಟ್ಟು ದಾರಿ ಮಾಡಿಕೊಳ್ಳುತ್ತದೆ. ಬಿಳಿ ಎಲ್‌ಇಡಿಯಲ್ಲಿ ಈ ಯಾವ ಗುಣವೂ ಇಲ್ಲ. ಸುಮಾರು 2.6 ವೋಲ್ಟಿನ ಕೆಳಗೆ ಅದು ಉರಿದೂ ಉರಿಯದಂತೆ. 3 ವೋಲ್ಟ್ ದಾಟಿದ ಮೇಲೆ ಒಂದೆರಡು ಹತ್ತನೇ ವೋಲ್ಟ್ ಹೆಚ್ಚಾದರೆ ಪ್ರವಾಹ ದುಪ್ಪಟ್ಟಾಗುತ್ತದೆ. ಹಾಗಾಗಿ ಹಳೇ ಲ್ಯಾಂಟರ್ನ್ ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಎಲ್ಲ ರೋಗವೂ ಎಲ್‌ಇಡಿ ಹಾಕಿದ ಮೇಲೆ ಹೊರಗೆ ಬರುತ್ತದೆ. ಸೆಲ್ಲಿನಿಂದ ಎಲ್‌ಇಡಿಯವರೆಗಿನ ದಾರಿಯಲ್ಲಿ ವೋಲ್ಟೇಜು ಎಲ್ಲೆಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಇಲ್ಲಿ ಕೆಲಸ.

ಮುಚ್ಚಳ ಬಿಚ್ಚುವ ಮುನ್ನ

ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಲೈಟನ್ನು ಬಿಚ್ಚುವವರು ಇದನ್ನು ಓದದೆ ಮುಂದೆ ಹೋಗಬೇಡಿ. ಒಳಗೆ ಕಬ್ಬಿಣದ ಪಟ್ಟಿಗಳ, ತೂಕದ ಟ್ರಾನ್ಸ್‌ಫಾರ್ಮರ್ ಇದ್ದರೆ ಚಾರ್ಜಿಂಗ್ ಭಾಗ ಮನೆಯ ಕರೆಂಟಿನಿಂದ ಬೇರೆಯಾಗಿದೆ ಎಂದರ್ಥ. ಟ್ರಾನ್ಸ್‌ಫಾರ್ಮರ್ ಇಲ್ಲದೆ, ಬೆರಳ ಉಗುರಿನಷ್ಟಗಲದ ಚೌಕ ಕೆಪಾಸಿಟರ್ ಮಾತ್ರ ಇದ್ದು ಅದರ ಮೇಲೆ 105 ಅಥವಾ 474, ಪಕ್ಕದಲ್ಲಿ 400 ವೋಲ್ಟ್ ಎಂದು ಅಚ್ಚಾಗಿದ್ದರೆ, ಪ್ಲಗ್ಗಿನಲ್ಲಿರುವಾಗ ಆ ಲೈಟಿನ ಪ್ರತಿಯೊಂದು ತಂತಿಯೂ, ಎಲ್‌ಇಡಿಯ ಕಾಲೂ, ಬ್ಯಾಟರಿಯ ತಗಡೂ 230 ವೋಲ್ಟಿಗೆ ತಗುಲಿಕೊಂಡಿವೆ. ಮೀಟರು 4 ವೋಲ್ಟ್ ತೋರಿಸುತ್ತದೆ, ಮುಟ್ಟಿದರೆ ಹೊಡೆಯುವುದು 230. ಚಾರ್ಜ್ ಆಗುತ್ತಿರುವಾಗ ಇದನ್ನು ಬಿಚ್ಚಿಟ್ಟು ಅಳೆಯುವ ಕೆಲಸ ಬೇಡವೇ ಬೇಡ. ಈ ಜಾತಿಯ ಲೈಟಿಗೆ ಲೋಹದ ಹಿಡಿ, ಹೊರಗೆ ಚಾಚಿದ ಅಲ್ಯೂಮಿನಿಯಂ ತಗಡು ಜೋಡಿಸುವುದೂ ಸಲ್ಲದು.

ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟುಕೊಳ್ಳಬಹುದು. ಅದರ ಎರಡೂ ಕಾಲಿಗೆ ಅಡ್ಡಲಾಗಿ 470 ಕಿಲೋಓಮ್‌ನಿಂದ 1 ಮೆಗಾಓಮ್ ತನಕದ ರೆಸಿಸ್ಟರ್ (ಪ್ರವಾಹ ತಡೆಯುವ ಭಾಗ) ಇರಬೇಕು, ಆ ಚಾರ್ಜನ್ನು ಬರಿದು ಮಾಡಲು. ಅದು ಸುಟ್ಟಿದ್ದರೆ ಅಥವಾ ತಯಾರಿಸಿದವರು ಹಾಕದೇ ಬಿಟ್ಟಿದ್ದರೆ, ಕಿತ್ತ ಪ್ಲಗ್ಗಿನ ಪಿನ್ನು ಮುಟ್ಟಿದಾಗ ಶಾಕ್ ಹೊಡೆಯುತ್ತದೆ. ಮೊದಲು ಅದನ್ನು ಹಾಕಿ, ಆಮೇಲೆ ಬೆಳಕಿನ ಚಿಂತೆ.

ಸೀಸದ ಬ್ಯಾಟರಿಯಲ್ಲಿ ಶಾಕ್ ಇಲ್ಲ, ಬೆಂಕಿಯಿದೆ. 6 ವೋಲ್ಟಿನದು ಶಾರ್ಟ್ ಆದರೆ ತೆಳು ತಂತಿಯ ಮೇಲ್ಪದರ ಕ್ಷಣದಲ್ಲಿ ಕರಗುತ್ತದೆ. ಪ್ಲಸ್ ತಂತಿಯಲ್ಲಿ 1 ಆಂಪಿಯರ್ ಗಾಜಿನ ಫ್ಯೂಸು ಹಾಕಿಕೊಳ್ಳಿ.

ಉಪಕರಣ ಹೆಚ್ಚೇನೂ ಬೇಡ: ಒಂದು ಸಾದಾ ಡಿಜಿಟಲ್ ಮೀಟರ್, 25 ವ್ಯಾಟ್ ಸೋಲ್ಡರಿಂಗ್ ಕಡ್ಡಿ, ಸಣ್ಣ ಪಾಲಿಶ್ ಕಾಗದ, ಹಳೇ ಹಲ್ಲುಜ್ಜುವ ಬ್ರಷ್ಷು, 12, 68, 220 ಓಮ್ ರೆಸಿಸ್ಟರ್‌ಗಳು. ಮೀಟರಿನ ಕೆಂಪು ತಂತಿ 10 ಆಂಪಿಯರ್ ತೂತಿನಲ್ಲಿದ್ದಾಗ ವೋಲ್ಟೇಜು ಅಳೆಯಲು ಹೋದರೆ ಅದು ನೇರ ಶಾರ್ಟ್; ಅಗ್ಗದ ಮೀಟರಿನಲ್ಲಿ ಆ ತೂತಿಗೆ ಫ್ಯೂಸೂ ಇರುವುದಿಲ್ಲ. ಇಲ್ಲಿ ಹೇಳುವ ಕ್ರಮದಲ್ಲಿ ಆ ತೂತಿನ ಅಗತ್ಯವೇ ಬರುವುದಿಲ್ಲ.

ಹತ್ತಿಸಿಟ್ಟೇ ಅಳೆಯಿರಿ

ಸ್ವಿಚ್ ಆರಿಸಿ ಬ್ಯಾಟರಿಗೆ ಮೀಟರ್ ಹಿಡಿದು "6.3 ಇದೆ, ಬ್ಯಾಟರಿ ಸರಿಯಿದೆ" ಎನ್ನುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಮೀಟರ್ ತಾನು ಎಳೆಯುವ ಪ್ರವಾಹ ಇಲ್ಲವೆನ್ನುವಷ್ಟು ಕಡಿಮೆ. ಸತ್ತ ಬ್ಯಾಟರಿಯೂ, ಕಿಲುಬು ಹಿಡಿದ ಸ್ಪ್ರಿಂಗೂ ಅದರ ಮುಂದೆ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತವೆ. ಲೈಟು ಹತ್ತಿಸಿದ ಸ್ಥಿತಿಯಲ್ಲೇ, 20 ವೋಲ್ಟ್ ಡಿಸಿ ರೇಂಜಿನಲ್ಲಿ, ನಾಲ್ಕು ಕಡೆ ಅಳೆಯಬೇಕು: ಬ್ಯಾಟರಿಯ ಎರಡು ತಗಡಿನ ನಡುವೆ, ಸ್ವಿಚ್ಚಿನ ಎರಡು ಕಾಲಿನ ನಡುವೆ, ರೆಸಿಸ್ಟರಿನ ಎರಡು ತುದಿಯಲ್ಲಿ, ಎಲ್‌ಇಡಿಯ ಎರಡು ತುದಿಯಲ್ಲಿ. ಕೊನೆಯ ಮೂರನ್ನು ಕೂಡಿದರೆ ಮೊದಲನೆಯದು ಬರಬೇಕು. ಬಾರದಿದ್ದರೆ ಉಳಿದದ್ದು ತಂತಿಯಲ್ಲೋ ಬೆಸುಗೆಯಲ್ಲೋ ಕಳೆದುಹೋಗುತ್ತಿದೆ.

ಒಂದು ಲೆಕ್ಕ ನೋಡಿ. 6 ವೋಲ್ಟ್ ಸೀಸದ ಬ್ಯಾಟರಿ, ಒಂದು 1 ವ್ಯಾಟ್ ಬಿಳಿ ಎಲ್‌ಇಡಿ, ನಡುವೆ 12 ಓಮ್ 2 ವ್ಯಾಟ್ ರೆಸಿಸ್ಟರ್. ಬ್ಯಾಟರಿ ಹೊರೆಯಲ್ಲಿ, ಅಂದರೆ ಲೈಟು ಹತ್ತಿದ್ದಾಗ, 6.3 ಇದ್ದರೆ ಎಲ್‌ಇಡಿ ಮೇಲೆ ಸುಮಾರು 3.1, ರೆಸಿಸ್ಟರ್ ಮೇಲೆ ಸುಮಾರು 3.1, ಸ್ವಿಚ್ಚಿನ ಮೇಲೆ 0.05ರ ಒಳಗೆ ಬರಬೇಕು. ರೆಸಿಸ್ಟರಿನ ವೋಲ್ಟೇಜನ್ನು ಅದರ ಓಮಿನಿಂದ ಭಾಗಿಸಿದರೆ ಪ್ರವಾಹ ಸಿಕ್ಕಿತು: 3.1 ಭಾಗಿಸು 12, ಅಂದರೆ 0.26 ಆಂಪಿಯರ್. ತಂತಿ ಕತ್ತರಿಸದೆ, ಫ್ಯೂಸು ಸುಡದೆ ಆಂಪಿಯರ್ ತಿಳಿಯುವ ದಾರಿ ಇದು. ರೆಸಿಸ್ಟರೇ ಇಲ್ಲದ ಅಗ್ಗದ ಲೈಟಿಗೂ 1 ಓಮ್ ರೆಸಿಸ್ಟರ್ ಒಂದನ್ನು ಬೆಸೆದುಬಿಟ್ಟರೆ ಅಳೆಯಲೂ ಆಯಿತು, ಎಲ್‌ಇಡಿಗೆ ಒಂದಿಷ್ಟು ರಕ್ಷಣೆಯೂ ಆಯಿತು.

ಇನ್ನು ಓದುವ ಬಗೆ. ಬೆಳಕಿಲ್ಲ, ಸ್ವಿಚ್ಚಿನ ಮೇಲೆ ಪೂರ್ತಿ 6.3 ಬಂದರೆ ಸ್ವಿಚ್ಚು ಕೂಡುತ್ತಿಲ್ಲ. ಬೆಳಕಿಲ್ಲ, ಎಲ್‌ಇಡಿ ಮೇಲೆ ಪೂರ್ತಿ 6.3 ಬಂದರೆ ಎಲ್‌ಇಡಿ ಒಳಗೆ ತುಂಡಾಗಿದೆ, ಇಲ್ಲವೇ ತಿರುಗುಮುರುಗಾಗಿ ಕೂತಿದೆ. ರೆಸಿಸ್ಟರ್ ಮೇಲೆ ಪೂರ್ತಿ ವೋಲ್ಟೇಜು, ಎಲ್‌ಇಡಿ ಮೇಲೆ ಸೊನ್ನೆ ಎಂದರೆ ಎಲ್‌ಇಡಿ ಶಾರ್ಟ್ ಆಗಿದೆ. ರೆಸಿಸ್ಟರ್ ಮುಟ್ಟಲಾಗದಷ್ಟು ಬಿಸಿ ಇರುತ್ತದೆ, ಬೇಗ ಆರಿಸಿ. ಬ್ಯಾಟರಿಯೇ ಆರಿಸಿದಾಗ 6.2, ಹತ್ತಿಸಿದಾಗ 4.5 ಎಂದರೆ ಉಳಿದ ಕಡೆ ಕೈಹಾಕುವ ಅಗತ್ಯವೇ ಇಲ್ಲ, ಬ್ಯಾಟರಿ ಮುಗಿದಿದೆ.

ಡಯೋಡ್ ರೇಂಜಿನಲ್ಲಿ ಎಲ್‌ಇಡಿ ಪರೀಕ್ಷಿಸುವವರಿಗೆ ಒಂದು ಮಾತು. 830 ಮಾದರಿಯ ಸಾಮಾನ್ಯ ಮೀಟರ್ ಆ ರೇಂಜಿನಲ್ಲಿ ಕೊಡುವುದೇ 2.8 ವೋಲ್ಟಿನ ಆಸುಪಾಸು. ಬಿಳಿ ಎಲ್‌ಇಡಿ ಮಸುಕಾಗಿ ಮಿನುಗಬಹುದು, ಪರದೆ ಮೇಲೆ ಮಾತ್ರ ತುಂಡಾದ ತಂತಿಗೆ ಬರುವ 1 ಎಂಬ ಅಂಕಿಯೇ ಬರುತ್ತದೆ. ಅದನ್ನು ನಂಬಿ ಒಳ್ಳೆಯ ಎಲ್‌ಇಡಿ ಎಸೆಯಬೇಡಿ. ಕೈಯಿಂದ ಮರೆಮಾಡಿ ಮಿನುಗು ನೋಡಿ, ಇಲ್ಲವೇ 3 ಸೆಲ್ಲು ಮತ್ತು 220 ಓಮ್ ರೆಸಿಸ್ಟರ್ ಜೋಡಿಸಿದ ಪರೀಕ್ಷೆಯ ತಂತಿ ಮಾಡಿಟ್ಟುಕೊಳ್ಳಿ.

ಹೊಸದಾಗಿ ಹಾಕಿದ್ದು ಉರಿಯುವುದೇ ಇಲ್ಲ

ಫಿಲಮೆಂಟ್ ಬಲ್ಬಿನ ಜಾಗಕ್ಕೆ ಅದೇ ಅಳತೆಯ ಎಲ್‌ಇಡಿ ಬಲ್ಬು ಕೂರಿಸಿದಾಗ ಮೊದಲ ಅನುಮಾನ ಪ್ಲಸ್-ಮೈನಸ್ ಮೇಲೆ. ಬಲ್ಬಿನ ತಳದ ನಡುಬಿಂದು ಪ್ಲಸ್, ಸುತ್ತಿನ ಲೋಹ ಮೈನಸ್ ಎಂದುಕೊಂಡು ಎಲ್‌ಇಡಿ ಬಲ್ಬು ಮಾಡಿರುತ್ತಾರೆ. ಹಳೇ ಲ್ಯಾಂಟರ್ನ್ ತಯಾರಕರಿಗೆ ಆ ಹಂಗಿರಲಿಲ್ಲ. ಸೆಲ್ಲುಗಳನ್ನೆಲ್ಲ ಉಲ್ಟಾ ಹಾಕಿ ನೋಡಿ. ಉರಿದರೆ ಹೋಲ್ಡರಿನ ಎರಡು ತಂತಿ ಅದಲುಬದಲು ಮಾಡಿ ಬೆಸೆಯಿರಿ. ಬಿಡಿ ಎಲ್‌ಇಡಿಯಾದರೆ 6 ವೋಲ್ಟಿನಲ್ಲಿ ಈ ಪ್ರಯೋಗ ಬೇಡ. ಸಾಮಾನ್ಯ ಎಲ್‌ಇಡಿ ತಡೆಯುವ ಉಲ್ಟಾ ವೋಲ್ಟೇಜು 5 ಮಾತ್ರ.

ಎರಡನೆಯದು ವೋಲ್ಟೇಜು ಹೊಂದದಿರುವುದು. 12 ವೋಲ್ಟಿನ ಎಲ್‌ಇಡಿ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿ ಸಾಲಾಗಿರುತ್ತವೆ, ಅವು ಕಣ್ಣು ಬಿಡಲೇ 8 ವೋಲ್ಟಿನ ಮೇಲೆ ಬೇಕು. 6 ವೋಲ್ಟ್ ಲ್ಯಾಂಟರ್ನಿಗೆ ಆ ಪಟ್ಟಿ ಕತ್ತರಿಸಿ ಹಾಕಿದರೆ ಕತ್ತಲೆಯೇ. 2 ದೊಡ್ಡ ಸೆಲ್ಲಿನ ಲ್ಯಾಂಟರ್ನಿನದು ಇದೇ ಕಥೆ: ಹೊಸ ಸೆಲ್ಲಿನಲ್ಲಿ 3 ವೋಲ್ಟ್ ಇರುವ ತನಕ ಉರಿದು, ಸೆಲ್ಲು 1.3ಕ್ಕೆ ಇಳಿಯುತ್ತಲೇ ಮಂಕಾಗುತ್ತದೆ. ಸೆಲ್ಲಿನಲ್ಲಿ ಶಕ್ತಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಅಲ್ಲಿಗೆ ವೋಲ್ಟೇಜು ಏರಿಸುವ ಪುಟ್ಟ ಬೂಸ್ಟ್ ಬೋರ್ಡು ಬೇಕು, ಇಲ್ಲವೇ ಮೂರನೇ ಸೆಲ್ಲಿಗೆ ಜಾಗ ಮಾಡಬೇಕು. 3 ದೊಡ್ಡ ಸೆಲ್ಲು, ಅರ್ಧ ವ್ಯಾಟ್ ಎಲ್‌ಇಡಿ, 12 ಓಮ್: ಹೊಸ ಸೆಲ್ಲಿನಲ್ಲಿ ಸುಮಾರು 115 ಮಿಲಿಆಂಪ್, ಸೆಲ್ಲು 1.2ಕ್ಕೆ ಇಳಿದಾಗಲೂ 55-60 ಮಿಲಿಆಂಪ್. ಸೆಲ್ಲಿನ ಲ್ಯಾಂಟರ್ನಿಗೆ ಇದಕ್ಕಿಂತ ಹದವಾದ ಜೋಡಣೆ ಕಾಣದು.

ಟ್ಯೂಬಿನ ಎಮರ್ಜೆನ್ಸಿ ಲೈಟಿನಲ್ಲಿ ಕೆಲವರು ಟ್ಯೂಬ್ ತೆಗೆದು ಅದೇ ತಂತಿಗೆ ಎಲ್‌ಇಡಿ ಕಟ್ಟುತ್ತಾರೆ. ಆ ತಂತಿಯಲ್ಲಿ ಬರುವುದು ಟ್ಯೂಬಿಗಾಗಿ ಏರಿಸಿದ, ನೂರಾರು ವೋಲ್ಟಿನ, ಅತಿ ವೇಗದ ಎಸಿ. ಎಲ್‌ಇಡಿ ಒಂದು ಮಿಂಚು ಮಿಂಚಿ ಸಾಯುತ್ತದೆ. ಎಲ್‌ಇಡಿಗೆ ತಂತಿ ತೆಗೆಯಬೇಕಾದ್ದು ಸ್ವಿಚ್ಚಿನ ನಂತರ, ಆ ಎಸಿ ತಯಾರಿಸುವ ಇನ್ವರ್ಟರ್ ಬೋರ್ಡಿಗೆ ಮುಂಚೆ. ಬೋರ್ಡಿಗೆ ಹೋಗುವ ಪ್ಲಸ್ ತಂತಿಯನ್ನು ಕತ್ತರಿಸಿಯೇ ಬಿಡಿ. ಟ್ಯೂಬಿಲ್ಲದೆ ಓಡುವ ಇನ್ವರ್ಟರಿನ ಟ್ರಾನ್ಸಿಸ್ಟರ್ ಸುಮ್ಮನೆ ಬ್ಯಾಟರಿ ತಿಂದು ಕಾಯುತ್ತದೆ.

ಮಂಕು, ಮಿಣುಕು, ತಟ್ಟಿದರೆ ಹತ್ತುವುದು

ಸ್ವಿಚ್ಚಿನ ಮೇಲೆ 0.1 ವೋಲ್ಟಿಗಿಂತ ಹೆಚ್ಚು ಉಳಿಯುತ್ತಿದ್ದರೆ ಅದನ್ನು ಬದಲಿಸಿ. ಹಳೇ ಜಾರು ಸ್ವಿಚ್ಚನ್ನು ಉಜ್ಜಿ ಸರಿಮಾಡಿದ್ದು ಮಳೆಗಾಲ ದಾಟುವುದಿಲ್ಲ. ಫಿಲಮೆಂಟಿನ ಅರ್ಧ ಆಂಪಿಯರ್ ಕಿಲುಬನ್ನು ಸುಡುತ್ತಿತ್ತು, ಎಲ್‌ಇಡಿಯ 50-100 ಮಿಲಿಆಂಪಿಗೆ ಅಷ್ಟು ತ್ರಾಣವಿಲ್ಲ.

ಸೆಲ್ಲು ಕೂರುವ ಸ್ಪ್ರಿಂಗಿನ ಮೇಲಿನ ಪುಡಿಯನ್ನು ಗಮನಿಸಿ. ಅಲ್ಕಲೈನ್ ಸೆಲ್ಲು ಸೋರಿದ್ದರೆ ಅದು ಕ್ಷಾರ, ನಿಂಬೆರಸ ಅಥವಾ ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸಾದಾ ಕಾರ್ಬನ್ ಸೆಲ್ಲು ಅಥವಾ ಸೀಸದ ಬ್ಯಾಟರಿಯದಾದರೆ ಆಮ್ಲ, ಅಡುಗೆ ಸೋಡಾ ಕಲಸಿದ ನೀರು. ಎರಡರ ನಂತರವೂ ಬರೀ ನೀರಿನಿಂದ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಪಾಲಿಶ್ ಕಾಗದ. ಸ್ಪ್ರಿಂಗಿನ ಹೊಳಪು ಹೋಗಿ ಒಳಗಿನ ಕಬ್ಬಿಣ ಕಾಣಿಸಿದರೆ, ಸ್ಪ್ರಿಂಗಿನ ತುದಿಯಿಂದ ಬುಡಕ್ಕೆ ಒಂದು ತುಂಡು ತಾಮ್ರದ ತಂತಿ ಬೆಸೆಯಿರಿ.

ಆಲೆಮನೆಯ ಲ್ಯಾಂಟರ್ನಿನ ಜಾಡ್ಯವೇ ಬೇರೆ. ಕೊಪ್ಪರಿಗೆಯಿಂದೇಳುವ ಹಬೆಯ ಜತೆ ಸಕ್ಕರೆಯ ಅಂಶವೂ ಹೋಗಿ ಒಳಗಿನ ಬೋರ್ಡು, ಸ್ವಿಚ್ಚು, ಗಾಜಿನ ಮೇಲೆ ಅಂಟು ಪದರವಾಗಿ ಕೂರುತ್ತದೆ, ಅದರ ಮೇಲೆ ಸಿಪ್ಪೆ ಉರಿದ ಮಸಿ. ತೇವ ಹೀರಿದ ಈ ಪದರ ವಿದ್ಯುತ್ತನ್ನು ಒಂದಿಷ್ಟು ಹರಿಸುತ್ತದೆ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಕತ್ತಲೆಯಲ್ಲಿ ಮಿಣಿಮಿಣಿ ಎನ್ನುತ್ತಿದ್ದರೆ ಕಾರಣ ಇದೇ. ಎಲ್‌ಇಡಿ ಮಿನುಗಲು ಕೆಲವು ಮೈಕ್ರೋಆಂಪ್ ಸಾಕು. ಸ್ಪಿರಿಟ್ಟಿನಲ್ಲಿ ಎಷ್ಟು ಉಜ್ಜಿದರೂ ಇದು ಹೋಗದು, ಯಾಕೆಂದರೆ ಸಕ್ಕರೆ ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ. ಬ್ಯಾಟರಿ ಬಿಚ್ಚಿ, ಬೋರ್ಡನ್ನು ಬಿಸಿನೀರು ಮತ್ತು ಬ್ರಷ್ಷಿನಿಂದ ತೊಳೆದು, ಆಮೇಲೆ ನೀರು ಓಡಿಸಲು ಸ್ಪಿರಿಟ್ ಹಾಯಿಸಿ, ಬಿಸಿಲಲ್ಲಿ ಅರ್ಧ ದಿನ ಒಣಗಿಸಿ. ಇರುವೆಗಳೂ ಇದೇ ಸಿಹಿಗೆ ಸ್ವಿಚ್ಚಿನೊಳಗೆ ಮನೆ ಮಾಡುತ್ತವೆ. ತಂತಿ ಹೋಗುವ ತೂತುಗಳನ್ನು ಸಿಲಿಕೋನ್ ಅಂಟಿನಿಂದ ಮುಚ್ಚುವುದು ಒಳ್ಳೆಯದು. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಪ್ಲಾಸ್ಟಿಕ್ ಕರಗುತ್ತದೆ.

ತಟ್ಟಿದರೆ ಹತ್ತುವ ಲೈಟಿನಲ್ಲಿ ಬೆಸುಗೆ ಬಿಟ್ಟಿದೆ. ಬೂದು ಬಣ್ಣಕ್ಕೆ ತಿರುಗಿ, ಸುತ್ತ ಕೂದಲೆಳೆ ಬಿರುಕಿರುವ ಬೆಸುಗೆ ಎಲ್ಲಿದೆ ನೋಡಿ ಮತ್ತೆ ಕಾಯಿಸಿ.

ಎಲ್‌ಇಡಿಗಳು ಒಂದೊಂದಾಗಿ ಸಾಯುತ್ತಿವೆ

24 ಎಲ್‌ಇಡಿಯ ಅಗ್ಗದ ಲೈಟು ಬಿಚ್ಚಿ ನೋಡಿದರೆ ಎಲ್ಲ ಎಲ್‌ಇಡಿಗಳೂ ಪ್ಲಸ್ಸೆಲ್ಲ ಒಂದೆಡೆ, ಮೈನಸ್ಸೆಲ್ಲ ಒಂದೆಡೆ ಸೇರುವಂತೆ ಅಡ್ಡಡ್ಡ ಕೂಡಿರುತ್ತವೆ, ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್, ಕೆಲವದರಲ್ಲಿ ಅದೂ ಇಲ್ಲ. ಬ್ಯಾಟರಿಯ ಒಳರೋಧವೇ ತಡೆ ಎಂದು ನಂಬಿ ಮಾಡಿದ ಲೈಟು ಅದು. ಒಂದೇ ಚೀಲದಿಂದ ತೆಗೆದ ಎಲ್‌ಇಡಿಗಳೂ ಒಂದೇ ವೋಲ್ಟೇಜಿಗೆ ಉರಿಯುವುದಿಲ್ಲ. ಯಾವುದಕ್ಕೆ ಕಡಿಮೆ ವೋಲ್ಟೇಜು ಸಾಕೋ ಅದು ಉಳಿದವುಗಳ ಪಾಲನ್ನೂ ಎಳೆದುಕೊಳ್ಳುತ್ತದೆ. ಕಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜು ಇನ್ನೂ ಇಳಿದು ಇನ್ನೂ ಹೆಚ್ಚು ಎಳೆಯುತ್ತದೆ, ಕೊನೆಗೆ ಸಾಯುತ್ತದೆ. ಅದರ ಪಾಲು ಮಿಕ್ಕ 23ಕ್ಕೆ ಹಂಚಿಕೆಯಾಗಿ ಮುಂದಿನದರ ಸರದಿ. ಸತ್ತ ಒಂದನ್ನು ಮಾತ್ರ ಹೊಸದರಿಂದ ಬದಲಿಸುವುದು ವ್ಯರ್ಥ.

ಹಳೇ ಬ್ಯಾಟರಿ ಹೋಯಿತೆಂದು ಅದೇ ಲೈಟಿಗೆ ದೊಡ್ಡ ಬ್ಯಾಟರಿ ಹಾಕಿದವರಿಗೆ ಈ ಅನುಭವ ತಪ್ಪಿದ್ದಲ್ಲ. ದೊಡ್ಡ ಬ್ಯಾಟರಿಯ ಒಳರೋಧ ಕಡಿಮೆ, ಇದ್ದ ಒಂದೇ ತಡೆಯೂ ಹೋಯಿತು. ಪರಿಹಾರಕ್ಕೆ ತಾಳ್ಮೆ ಬೇಕು: ತಾಮ್ರದ ದಾರಿ ಕೊರೆದು ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಹಾಕಬೇಕು. 4 ವೋಲ್ಟ್ ಬ್ಯಾಟರಿಗೆ 68 ಓಮ್ ಕಾಲು ವ್ಯಾಟ್ ಸರಿ: 4.2ರಲ್ಲಿ 16 ಮಿಲಿಆಂಪ್, ಚಾರ್ಜ್ ಆಗುತ್ತಾ 4.8ಕ್ಕೆ ಏರಿದಾಗ 24. ಇಷ್ಟೆಲ್ಲ ಬೆಸೆಯುವ ಬದಲು ಬೋರ್ಡನ್ನೇ ಬಿಸಾಕಿ ಅರ್ಧ ವ್ಯಾಟಿನ ಎರಡು ಎಲ್‌ಇಡಿ, ತಲಾ 12 ಓಮ್ ಹಾಕಿಕೊಳ್ಳುವುದೇ ಲೇಸು.

ಚಾರ್ಜ್ ಆಗುವಾಗಿನ ವೋಲ್ಟೇಜನ್ನು ಮರೆತು ರೆಸಿಸ್ಟರ್ ಆರಿಸುವುದು ಇನ್ನೊಂದು ಸಾವಿನ ಕಾರಣ. 6 ವೋಲ್ಟ್ ಎಂದು ಬರೆದ ಸೀಸದ ಬ್ಯಾಟರಿ ಚಾರ್ಜರಿಗೆ ಸಿಕ್ಕಿದಾಗ 7.2 ತಲುಪುತ್ತದೆ. 6ಕ್ಕೆ ಲೆಕ್ಕ ಹಾಕಿ 1 ವ್ಯಾಟ್ ಎಲ್‌ಇಡಿಗೆ 8.2 ಓಮ್ ಹಾಕಿದ್ದರೆ, ಲೈಟು ಹತ್ತಿಸಿಟ್ಟೇ ಚಾರ್ಜಿಗೆ ಹಾಕಿದಾಗ ಅರ್ಧ ಆಂಪಿಯರಿನ ಹತ್ತಿರ ಹರಿಯುತ್ತದೆ. ಅದರ ಮಿತಿ 350 ಮಿಲಿಆಂಪ್. 12 ಓಮ್ ಹಾಕಿದರೆ 7.2ರಲ್ಲೂ 333 ಮಾತ್ರ. 5 ವೋಲ್ಟಿನ ಯುಎಸ್‌ಬಿ ಬಲ್ಬನ್ನು 6 ವೋಲ್ಟ್ ಬ್ಯಾಟರಿಗೆ ನೇರ ಕೊಡುವವರೂ ಇದೇ ಗುಂಡಿಗೆ ಬೀಳುತ್ತಾರೆ.

ಬಿಸಿಯ ಮಾತು. 1 ವ್ಯಾಟ್ ಎಲ್‌ಇಡಿ ನಕ್ಷತ್ರಾಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಬರುತ್ತದೆ. ಆ ಬಿಲ್ಲೆಯೊಂದೇ ಸಾಲದು. 5 ಸೆಂ.ಮೀ.ಗೆ 6 ಸೆಂ.ಮೀ. ಅಳತೆಯ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿಗೆ, ನಡುವೆ ಹೀಟ್‌ಸಿಂಕ್ ಪೇಸ್ಟಿನ ತೆಳು ಲೇಪ ಕೊಟ್ಟು ಎರಡು ತಿರುಪಿನಿಂದ ಬಿಗಿಯಿರಿ. ಪೇಸ್ಟ್ ದಪ್ಪ ಮೆತ್ತಿದರೆ ಬಿಸಿ ದಾಟುವುದಿಲ್ಲ. ಹತ್ತು ನಿಮಿಷ ಉರಿದ ಮೇಲೆ ತಗಡನ್ನು ಐದು ಸೆಕೆಂಡು ಹಿಡಿದಿರಲಾಗದಿದ್ದರೆ ತಗಡು ಚಿಕ್ಕದು. ತಗಡು ತಣ್ಣಗಿದ್ದು ಬಿಲ್ಲೆ ಸುಡುತ್ತಿದ್ದರೆ ಪೇಸ್ಟು ಸರಿಯಿಲ್ಲ. ಬೆಳಕು ದಿನೇ ದಿನೇ ನೀಲಿಗೆ ತಿರುಗಿದರೆ ಎಲ್‌ಇಡಿಯ ಹಳದಿ ಲೇಪ ಬೆಂದಿದೆ, ಅದು ಮತ್ತೆ ಸರಿಹೋಗುವುದಿಲ್ಲ.

ಬ್ಯಾಟರಿಯಲ್ಲಿ ಚಾರ್ಜ್ ಉಳಿಯುವುದಿಲ್ಲ

ಒಂದೇ ಎಮರ್ಜೆನ್ಸಿ ಲೈಟು ಮೈಸೂರಿನ ಬಡಾವಣೆಯಲ್ಲಿ ಒಂದು ರೀತಿ ಸಾಯುತ್ತದೆ, ಮಂಡ್ಯದ ತೋಟದ ಮನೆಯಲ್ಲಿ ಇನ್ನೊಂದು ರೀತಿ. ಊರೊಳಗೆ ಕರೆಂಟು ಹೋಗುವುದೇ ಅಪರೂಪ. ಲೈಟು ವರ್ಷವಿಡೀ ಪ್ಲಗ್ಗಿನಲ್ಲೇ ನೇತಾಡುತ್ತದೆ. ನಿಯಂತ್ರಣವಿಲ್ಲದ ಚಾರ್ಜರು ಬ್ಯಾಟರಿಯನ್ನು 7.5ರ ಮೇಲೆ ಹಿಡಿದಿಟ್ಟು ಒಳಗಿನ ನೀರು ಅನಿಲವಾಗಿ ಹೋಗುತ್ತದೆ, ಡಬ್ಬಿ ಉಬ್ಬುತ್ತದೆ. ತೋಟದ ಮನೆಗೆ ಪಂಪ್‌ಸೆಟ್ ಲೈನಿನ ಕರೆಂಟು ಬರುವುದು ಗಂಟೆ ಲೆಕ್ಕದಲ್ಲಿ. ಲೈಟು ರಾತ್ರಿಯಿಡೀ ಉರಿದು ಖಾಲಿಯಾಗುತ್ತದೆ, ಅರೆಬರೆ ಚಾರ್ಜಾಗುತ್ತದೆ, ಮತ್ತೆ ಖಾಲಿ. ಖಾಲಿ ಬಿಟ್ಟ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಉಬ್ಬಿದ ಬ್ಯಾಟರಿ ಕಣ್ಣಿಗೇ ಕಾಣುತ್ತದೆ; ಸಲ್ಫೇಟಿನದು ಚಾರ್ಜಿಗೆ ಹಾಕುತ್ತಲೇ ನಿಮಿಷಗಳಲ್ಲಿ 7 ದಾಟಿ, ಹತ್ತಿಸುತ್ತಲೇ 5ಕ್ಕೆ ಕುಸಿಯುತ್ತದೆ. ಎರಡನೆಯದಕ್ಕೆ 100 ಮಿಲಿಆಂಪಿನಲ್ಲಿ ಒಂದು ಹಗಲು ಒಂದು ರಾತ್ರಿ ನಿಧಾನ ಚಾರ್ಜ್ ಕೊಟ್ಟು ನೋಡಬಹುದು. ಚೇತರಿಸಿದರೆ ಅದೃಷ್ಟ. ಉಬ್ಬಿದ್ದಕ್ಕೆ ಯಾವ ಮದ್ದೂ ಇಲ್ಲ. ಕಸಕ್ಕೆ ಎಸೆಯದೆ ಬ್ಯಾಟರಿ ಅಂಗಡಿಗೆ ಹಿಂತಿರುಗಿಸಿ. ಬಿಸಿಯೂ ಆಯುಷ್ಯ ತಿನ್ನುತ್ತದೆ: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿಯ ಬಾಳಿಕೆ ಅರ್ಧವಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ಲೈಟು ನೇತುಹಾಕಬೇಡಿ.

ಸದಾ ಪ್ಲಗ್ಗಿನಲ್ಲಿರುವ 6 ವೋಲ್ಟ್ ಲೈಟಿಗೆ ಎಲ್‌ಎಂ317 ಎಂಬ ಮೂರು ಕಾಲಿನ, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಐಸಿ ಹಾಕಿದರೆ ಉಬ್ಬುವ ಕಾಟ ಮುಗಿಯುತ್ತದೆ. ಟ್ರಾನ್ಸ್‌ಫಾರ್ಮರ್ 9 ವೋಲ್ಟಿನದಾಗಿದ್ದು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ನಂತರ 10-11 ವೋಲ್ಟ್ ಡಿಸಿ ಸಿಗುತ್ತಿರಬೇಕು. ಔಟ್‌ಪುಟ್‌ನಿಂದ ಅಡ್ಜಸ್ಟ್ ಕಾಲಿಗೆ 240 ಓಮ್, ಅಡ್ಜಸ್ಟ್ ಕಾಲಿನಿಂದ ಮೈನಸ್ಸಿಗೆ 1.2 ಕಿಲೋಓಮ್ ಹಾಕಿದರೆ 7.5 ವೋಲ್ಟ್ ಬರುತ್ತದೆ. ಅಲ್ಲಿಂದ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡು, ಆಮೇಲೆ 2.2 ಓಮ್ 2 ವ್ಯಾಟ್ ರೆಸಿಸ್ಟರ್, ಆಮೇಲೆ ಬ್ಯಾಟರಿಯ ಪ್ಲಸ್. ಡಯೋಡಿನಲ್ಲಿ 0.6-0.7 ಕಳೆದು ಬ್ಯಾಟರಿಗೆ 6.8-6.9 ಸಿಗುತ್ತದೆ, ಈ ಮಟ್ಟದಲ್ಲಿ ತಿಂಗಳುಗಟ್ಟಲೆ ಬಿಟ್ಟರೂ ಹಾನಿಯಿಲ್ಲ. ಐಸಿಗೆ ಸಣ್ಣ ಅಲ್ಯೂಮಿನಿಯಂ ರೆಕ್ಕೆ ಬೇಕು. ಡಯೋಡು ಬಿಟ್ಟು 6.85ಕ್ಕೆ ನೇರ ಹೊಂದಿಸುವವರಿದ್ದಾರೆ. ಕರೆಂಟು ಹೋದಾಗ ಬ್ಯಾಟರಿ ಆ ಎರಡು ರೆಸಿಸ್ಟರುಗಳ ಮೂಲಕ 5 ಮಿಲಿಆಂಪ್ ಸೋರುತ್ತದೆ, ದಿನಕ್ಕೆ 120 ಮಿಲಿಆಂಪ್-ಅವರ್. ಅಟ್ಟದಲ್ಲಿಟ್ಟ ತುಂಬಿದ ಲೈಟು ಐದಾರು ವಾರದಲ್ಲಿ ಖಾಲಿಯಾಗುವುದು ಹೀಗೆ.

ಸೋರಿಕೆಯ ಅನುಮಾನವಿದ್ದರೆ ಸ್ವಿಚ್ ಆರಿಸಿ, ಬ್ಯಾಟರಿಯ ಪ್ಲಸ್ ತಂತಿ ಬಿಚ್ಚಿ, ನಡುವೆ 100 ಓಮ್ ರೆಸಿಸ್ಟರ್ ಇಟ್ಟು ಅದರ ಮೇಲೆ ವೋಲ್ಟೇಜು ಅಳೆಯಿರಿ. 0.1 ವೋಲ್ಟ್ ಬಂದರೆ 1 ಮಿಲಿಆಂಪ್ ಸೋರಿಕೆ. ಸೊನ್ನೆ ಬರಬೇಕು.

ಪ್ಲಗ್ಗಿಗೆ ನೇರ ಸಿಕ್ಕಿಸುವ 4 ವೋಲ್ಟಿನ ಲೈಟು "ರಾತ್ರಿಯಿಡೀ ಹಾಕಿದರೂ ತುಂಬುವುದಿಲ್ಲ" ಎಂಬ ದೂರಿಗೆ ಉತ್ತರ ಆ ಕೆಪಾಸಿಟರಿನಲ್ಲಿದೆ. 1 ಮೈಕ್ರೋಫ್ಯಾರಡಿನದು, ಅಂದರೆ 105 ಎಂದು ಬರೆದದ್ದು, 65-70 ಮಿಲಿಆಂಪ್ ಹಾಯಿಸುತ್ತದೆ. 474 ಎಂದಿದ್ದರೆ ಅದರ ಅರ್ಧಕ್ಕೂ ಕಡಿಮೆ. 1 ಆಂಪಿಯರ್-ಅವರ್ ಬ್ಯಾಟರಿ ತುಂಬಲು ಮೊದಲನೆಯದಕ್ಕೇ 18-20 ಗಂಟೆ ಬೇಕು. ಈ ಕೆಪಾಸಿಟರ್ ವರ್ಷ ಕಳೆದಂತೆ ತನ್ನ ಮೌಲ್ಯವನ್ನೂ ಕಳೆದುಕೊಳ್ಳುತ್ತದೆ. ಬದಲಿಸುವಾಗ ಅದೇ ಅಂಕಿ, 400 ವೋಲ್ಟ್ ಅಥವಾ ಮೇಲ್ಪಟ್ಟದ್ದೇ ಹಾಕಿ.

ಕರೆಂಟು ಹೋದಾಗ ತಾನೇ ಹತ್ತುತ್ತಿಲ್ಲ, ಅಥವಾ ಆರುತ್ತಲೇ ಇಲ್ಲ

ತಾನೇ ಹತ್ತುವ ಲೈಟಿನಲ್ಲಿ ಒಂದು ಟ್ರಾನ್ಸಿಸ್ಟರ್ ಕಾವಲಿರುತ್ತದೆ. ಚಾರ್ಜರಿನಿಂದ ವೋಲ್ಟೇಜು ಬರುತ್ತಿರುವಷ್ಟು ಹೊತ್ತು ಅದರ ಬೇಸ್ ಎಂಬ ಕಾಲು ಕಟ್ಟಿಹಾಕಿದಂತಿದ್ದು ಎಲ್‌ಇಡಿ ಆರಿರುತ್ತದೆ, ಕರೆಂಟು ಹೋದೊಡನೆ ಬಿಡುಗಡೆಯಾಗಿ ಹತ್ತುತ್ತದೆ. ಕರೆಂಟಿದ್ದಾಗಲೂ ಉರಿಯುತ್ತಿದ್ದರೆ ಚಾರ್ಜರಿನಿಂದ ಬೇಸಿಗೆ ಬರುವ ಡಯೋಡು ಅಥವಾ ರೆಸಿಸ್ಟರ್ ತುಂಡಾಗಿದೆ, ಇಲ್ಲವೇ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಕರೆಂಟು ಹೋದರೂ ಹತ್ತದಿದ್ದರೆ ಮೊದಲು ನೋಡಬೇಕಾದ್ದು ರೆಕ್ಟಿಫೈಯರಿಗೂ ಬ್ಯಾಟರಿಗೂ ನಡುವಿನ ತಡೆ ಡಯೋಡು. ಅದು ಶಾರ್ಟ್ ಆಗಿದ್ದರೆ ಬ್ಯಾಟರಿಯ ವೋಲ್ಟೇಜೇ ಹಿಂದಕ್ಕೆ ಹರಿದು, ಕರೆಂಟು ಇನ್ನೂ ಇದೆ ಎಂದು ಟ್ರಾನ್ಸಿಸ್ಟರನ್ನು ನಂಬಿಸುತ್ತದೆ. ಚಾರ್ಜಿಂಗ್ ಸೂಚಕ ದೀಪ ಪ್ಲಗ್ ಕಿತ್ತ ಮೇಲೂ ಉರಿಯುತ್ತಿದ್ದರೆ ಈ ಡಯೋಡೇ ಎಂದು ಬಿಚ್ಚದೆಯೂ ಹೇಳಬಹುದು.

ಲಿಥಿಯಂ ಸೆಲ್ಲು ಹಾಕಿಕೊಂಡವರಿಗೆ

ಸೀಸದ ಬ್ಯಾಟರಿಯ ಚಾರ್ಜರನ್ನು ಹಾಗೇ ಉಳಿಸಿಕೊಂಡು 18650 ಎಂಬ ಅಳತೆಯ ಲಿಥಿಯಂ ಸೆಲ್ಲು ಹಾಕುವುದು ಬೆಂಕಿಗೆ ಆಹ್ವಾನ. 4 ವೋಲ್ಟ್ ಬ್ಯಾಟರಿ ಮತ್ತು 3.7 ವೋಲ್ಟ್ ಸೆಲ್ಲು ಹತ್ತಿರವೇ ಅಲ್ಲವೇ ಎನಿಸಬಹುದು. ಹಳೇ ಚಾರ್ಜರು 4.2ಕ್ಕೆ ನಿಲ್ಲುವುದಿಲ್ಲ, ಲಿಥಿಯಂ 4.2 ದಾಟುವಂತಿಲ್ಲ. ಹಳೇ ಚಾರ್ಜರನ್ನು ಪೂರ್ತಿ ಕಿತ್ತು ಟಿಪಿ4056 ಎಂಬ ಲಿಥಿಯಂ ಚಾರ್ಜಿಂಗ್ ಬೋರ್ಡು ಹಾಕಬೇಕು, ಅದೂ ರಕ್ಷಣೆಯ ಐಸಿ ಇರುವ, ಆರು ಬೆಸುಗೆ ಜಾಗಗಳ ಮಾದರಿ. 1 ವ್ಯಾಟ್ ಎಲ್‌ಇಡಿಗೆ 3.3 ಓಮ್ 1 ವ್ಯಾಟ್ ರೆಸಿಸ್ಟರ್ ಸರಿ: ತುಂಬಿದ ಸೆಲ್ಲಿನಲ್ಲಿ 0.3 ಆಂಪಿಯರ್.

ಇಲ್ಲಿ ದೋಷಗಳು ಕೆಲವೇ. ಎಲ್‌ಇಡಿಯ ಮೈನಸ್ ತಂತಿಯನ್ನು ಔಟ್ ಮೈನಸ್ಸಿಗೆ ಬೆಸೆಯದೆ ಬ್ಯಾಟರಿ ಮೈನಸ್ಸಿಗೆ ಬೆಸೆದರೆ ಲೈಟೇನೋ ಉರಿಯುತ್ತದೆ, ರಕ್ಷಣೆ ಮಾತ್ರ ಇಲ್ಲವಾಗಿ ಸೆಲ್ಲು ಪೂರ್ತಿ ಬರಿದಾಗಿ ಕೆಡುತ್ತದೆ. ಪ್ಲಸ್ಸು ಎರಡೂ ಕಡೆ ಒಂದೇ, ಬೋರ್ಡು ತುಂಡರಿಸುವುದು ಮೈನಸ್ಸಿನ ದಾರಿಯನ್ನು. ಹೊಸ ಸೆಲ್ಲು ಬೆಸೆದ ಮೇಲೆ ಏನೂ ಉರಿಯದಿದ್ದರೆ ಗಾಬರಿ ಬೇಡ, ರಕ್ಷಣೆಯ ಐಸಿ ಬೀಗ ಹಾಕಿಕೊಂಡಿದೆ. 5 ವೋಲ್ಟ್ ಚಾರ್ಜರ್ ಒಮ್ಮೆ ಸಿಕ್ಕಿಸಿದರೆ ತೆರೆಯುತ್ತದೆ. ಲೈಟು ಹತ್ತಿಸಿಟ್ಟು ಚಾರ್ಜ್ ಮಾಡಿದರೆ ತುಂಬಿದ ಸೂಚನೆ ಬಾರದೇ ಹೋಗಬಹುದು, ಏಕೆಂದರೆ ಪ್ರವಾಹ ಹತ್ತನೇ ಒಂದಕ್ಕೆ ಇಳಿದಾಗ ಮಾತ್ರ ಐಸಿ ನಿಲ್ಲಿಸುತ್ತದೆ. ಚಿಕ್ಕ ಸೆಲ್ಲು ಬಿಸಿಯಾಗುತ್ತಿದ್ದರೆ ಬೋರ್ಡಿನ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 4 ಕಿಲೋಓಮ್ ಹಾಕಿ, ಚಾರ್ಜಿಂಗ್ 1 ಆಂಪಿಯರಿನಿಂದ 300 ಮಿಲಿಆಂಪಿಗೆ ಇಳಿಯುತ್ತದೆ. ಸೆಲ್ಲಿನ ಮೇಲೆ 9900 ಮಿಲಿಆಂಪ್-ಅವರ್ ಎಂದು ಬರೆದಿದ್ದರೆ ನಗಬಹುದು; ಆ ಅಳತೆಯ ಒಳ್ಳೆಯ ಸೆಲ್ಲಿನಲ್ಲೂ 3500ರ ಆಚೆ ಸಿಗುವುದು ಕಷ್ಟ.

ಬೆಳಕಿನ ಬಣ್ಣ

ದೋಷವಲ್ಲದಿದ್ದರೂ ದೂರಾಗಿ ಬರುವುದು ಇದು: "ಕಣ್ಣು ಚುಚ್ಚುತ್ತದೆ, ಹುಳು ಮುತ್ತುತ್ತವೆ". ಅಂಗಡಿಯಲ್ಲಿ ಸುಮ್ಮನೆ ಬಿಳಿ ಎಂದು ಕೇಳಿದರೆ 6500 ಕೆಲ್ವಿನ್‌ನ ನೀಲಿಮಿಶ್ರಿತ ಬಿಳಿ ಕೊಡುತ್ತಾರೆ. ಮೈಸೂರು ಅರಮನೆಯ ದೀಪಾಲಂಕಾರದ ಬಣ್ಣ ಕಣ್ಣಿಗೆ ಹಿತವೆನಿಸುವವರು ವಾರ್ಮ್ ವೈಟ್, 2700-3000 ಕೆಲ್ವಿನ್ ಎಂದೇ ಕೇಳಿ. ಮೊದಲ ಮಳೆಯ ಸಂಜೆ ಏಳುವ ಈಸಲು ಹುಳುಗಳ ಕಾಟವೂ ಅದರಲ್ಲಿ ಕಡಿಮೆ. ಎಲ್‌ಇಡಿ ಒಂದೇ ದಿಕ್ಕಿಗೆ ಬೆಳಗುವುದರಿಂದ ಗಾಜಿನ ಸುತ್ತ ಕತ್ತಲೆ ಉಳಿದರೆ, ಒಳಗೆ ಹಾಲುಬಿಳುಪಿನ ಪ್ಲಾಸ್ಟಿಕ್ ಹಾಳೆ ಸುತ್ತಿ.

ಮುಚ್ಚಳ ಹಾಕಿದ ಮೇಲೆ

ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ಕಿತ್ತು ಎರಡು ಗಂಟೆ ಸುಮ್ಮನಿಟ್ಟು ಅಳೆಯಿರಿ. 6 ವೋಲ್ಟಿನ ಬ್ಯಾಟರಿ 6.4ರ ಆಸುಪಾಸಿರಬೇಕು. ಆಮೇಲೆ ಹತ್ತಿಸಿ ಎಷ್ಟು ಗಂಟೆಗೆ 5.4ಕ್ಕೆ ಇಳಿಯುತ್ತದೆ ನೋಡಿ. 12 ಓಮಿನ ಜೋಡಣೆಯಲ್ಲಿ ಹೊಸ 4.5 ಆಂಪಿಯರ್-ಅವರ್ ಬ್ಯಾಟರಿ 15 ಗಂಟೆಯ ಹತ್ತಿರ ಬರಬೇಕು. ಎಂಟಕ್ಕೆ ನಿಂತರೆ ಅರ್ಧ ಆಯುಷ್ಯ ಕಳೆದ ಬ್ಯಾಟರಿ ಅದು, ಕೆಲಸಕ್ಕೆ ಇನ್ನೂ ಸಾಕು. ನಾಲ್ಕಕ್ಕೆ ನಿಂತರೆ ಬದಲಿಸಿ. 5.4 ಕಂಡೊಡನೆ ಆರಿಸಿ ಅದೇ ದಿನ ಚಾರ್ಜಿಗೆ ಹಾಕಿ, ಮತ್ತು ಹತ್ತಿಸಿದಾಗಿನ ನಾಲ್ಕು ಅಳತೆಗಳನ್ನು ಮುಚ್ಚಳದ ಒಳಮೈಗೆ ಬರೆದಿಡಿ; ಮುಂದಿನ ಸಲ ಬಿಚ್ಚಿದಾಗ ಯಾವುದು ಬದಲಾಗಿದೆಯೋ ದೋಷ ಅಲ್ಲಿಂದಲೇ ಹುಡುಕಲು ಶುರುಮಾಡಬಹುದು.